ಗಾಳದ ಆಟವೂ ತುಂಗಭದ್ರೆಯ ಮಡುವೂ

ಮೀನು ಹಿಡಿಯುವವರಲ್ಲಿ ಎರಡು ಬಗೆ. ಹೊಟ್ಟೆಗಾಗಿ ಹಿಡಿಯುವವರು ಒಂದು ಬಗೆ, ವಿನೋದಕ್ಕಾಗಿ ಹಿಡಿಯುವವರು ಇನ್ನೊಂದು ಬಗೆ. ಹೊಸಪೇಟೆ, ಹಂಪಿ, ಕಂಪ್ಲಿಗಳ ಕಡೆ ಮೊದಲನೆಯವರಿಗೆ ಕೊರತೆಯಿಲ್ಲ. ಬಲೆ, ತೆಪ್ಪ, ತುಂಗಭದ್ರೆ, ಈ ಮೂರನ್ನೇ ನಂಬಿ ಬದುಕಿದ ಮನೆತನಗಳು ಅಲ್ಲಿ ಎಷ್ಟೋ ಇವೆ. ಆದರೆ ಬೇಸಗೆಯಲ್ಲಿ ಗಾಳ ಹಾಕಿ, ಮೀನನ್ನು ತೂಗಿ, ಗೆದ್ದವನಿಗೆ ಬಹುಮಾನ ಕೊಡುವ ಪಂದ್ಯಗಳೂ ಲೋಕದಲ್ಲಿ ಉಂಟು ಎಂದರೆ ನಮ್ಮವರು ನಕ್ಕು, “ಅದೆಲ್ಲ ದೊರೆಗಳ ಆಟ ಸ್ವಾಮಿ” ಎಂದುಬಿಡುತ್ತಾರೆ. ದೊರೆಗಳೆಂದರೆ ಬಿಳಿಯ ದೊರೆಗಳು ಎಂದು ಅರ್ಥ. ನಾನು ಗಾಳ ಹಿಡಿದವನಲ್ಲ. ಹಳೆಯ ಪುಸ್ತಕ ಹಿಡಿದವನು. ದೊರೆಗಳ ಆಟವೆಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಅದರ ಶಾಸ್ತ್ರವನ್ನು ಇಂಗ್ಲಿಷರಿಗಿಂತ ಮೊದಲೇ ಬರೆದಿಟ್ಟ ದೊರೆ ನಮ್ಮವನು.

ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರ 1126ರಿಂದ 1138ರವರೆಗೆ ಆಳಿದನು. ತುಂಗಭದ್ರೆಯ ಎರಡು ದಡಗಳೂ ಅವನ ರಾಜ್ಯದೊಳಗೇ ಇದ್ದುವು. ಸುಮಾರು 1130ರಲ್ಲಿ ಅವನು ರಚಿಸಿದ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ದಲ್ಲಿ ಇಪ್ಪತ್ತಿಪ್ಪತ್ತು ಅಧ್ಯಾಯಗಳ ಐದು ಭಾಗಗಳಿವೆ. ಅದರಲ್ಲಿ ರಾಜನ ವಿನೋದಗಳನ್ನು ಹೇಳುವ ಭಾಗದಲ್ಲಿ ಆನೆ, ಕುದುರೆ, ಮಲ್ಲಯುದ್ಧ, ಬೇಟೆಗಳ ಸಾಲಿನಲ್ಲೇ ‘ಮತ್ಸ್ಯವಿನೋದ’ವೂ ಸೇರಿದೆ. ಭಾರತೀಯ ಪ್ರಾಣಿ ಸರ್ವೇಕ್ಷಣ ಸಂಸ್ಥೆಯ ನಿರ್ದೇಶಕರಾಗಿದ್ದ ಸುಂದರಲಾಲ ಹೋರಾ ಅವರು 1951ರಲ್ಲಿ ಈ ಪ್ರಕರಣವನ್ನು ವಿಜ್ಞಾನಿಯ ಕಣ್ಣಿನಿಂದ ಪರೀಕ್ಷಿಸಿ ಲೇಖನ ಬರೆದ ಮೇಲೆ ಇದು ವಿದ್ವಾಂಸರ ಗಮನಕ್ಕೆ ಬಂದಿತು. ಇಂಗ್ಲೆಂಡಿನಲ್ಲಿ ಗಾಳದ ಮೇಲಣ ಮೊದಲ ಪುಸ್ತಕ ಅಚ್ಚಾದದ್ದು 1496ರಲ್ಲಿ. ಐಸಾಕ್ ವಾಲ್ಟನ್ನನ ಪ್ರಸಿದ್ಧ ಗ್ರಂಥ ಬಂದದ್ದು 1653ರಲ್ಲಿ.

ಯಾರು ಮೊದಲು ಎಂಬುದಕ್ಕಿಂತ ಸೋಮೇಶ್ವರ ಹೇಳುವ ಕ್ರಮವೇ ನನಗೆ ದೊಡ್ಡದಾಗಿ ತೋರುತ್ತದೆ. ಕೋಲು, ಹುರಿ, ಗಾಳಗಳ ಮಾತು ಅವನಲ್ಲಿ ಉಂಟು. ಆದರೆ ಮೀನಿನ ಪರಿಚಯಕ್ಕೂ ಅಷ್ಟೇ ಮನ್ನಣೆ. ಸಮುದ್ರದ ಮೀನು ಯಾವುದು, ನದಿಯದು ಯಾವುದು, ಪೊರೆಯುಳ್ಳದ್ದು, ಪೊರೆಯಿಲ್ಲದ್ದು, ದೊಡ್ಡದು, ನಡುತರದ್ದು, ಸಣ್ಣದು ಎಂದು ಮೂವತ್ತಕ್ಕೂ ಹೆಚ್ಚು ಜಾತಿಗಳನ್ನು ವಿಂಗಡಿಸುತ್ತಾನೆ. ಯಾವುದಕ್ಕೆ ಏನನ್ನು ತಿನ್ನಿಸಿ ಬೆಳೆಸಬೇಕೆಂದು ವಿಧಿಸುತ್ತಾನೆ. ಆಟವಾಡುವವನು ಎದುರಾಳಿಯನ್ನು ಅರಿತಿರಬೇಕು, ಸಾಕಿರಬೇಕು. ಗಾಳದ ಆಟ ಉಳಿದ ಬೇಟೆಗಳಿಂದ ಬೇರೆಯಾಗುವುದು ಇಲ್ಲಿಯೇ.

ಮುಂದೆ ವಿಜಯನಗರದ ಕಾಲ. ಸುಮಾರು 1520ರಲ್ಲಿ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಆನೆಗೊಂದಿಗೆ ಹೊಳೆ ದಾಟಿಸುತ್ತಿದ್ದ ಬುಟ್ಟಿಯಂತಹ ದುಂಡು ದೋಣಿಗಳನ್ನು ಕಂಡು ಬೆರಗಾಗಿ ಬರೆದಿದ್ದಾನೆ. ಒಳಗೆ ಬೆತ್ತ, ಹೊರಗೆ ಚರ್ಮ. ಹದಿನೈದಿಪ್ಪತ್ತು ಜನ ಕೂರಬಹುದು, ಕುದುರೆ ಎತ್ತುಗಳನ್ನೂ ಸಾಗಿಸಬಹುದು. ಇಂದಿಗೂ ಬೆಸ್ತನು ಬಲೆ ಬಿಡುವುದು ಆ ಆಕಾರದ ತೆಪ್ಪದಿಂದಲೇ. ಆ ಅರಸರೂ ಹೊಳೆಗೆ ಅಡ್ಡಲಾಗಿ ಕಲ್ಲಿನ ಅಣೆಕಟ್ಟುಗಳನ್ನು ಹಾಕಿ ಕಾಲುವೆ ತೆಗೆದರು. ಅವು ತಗ್ಗಾದ ಕಟ್ಟೆಗಳು. ಮಳೆಗಾಲದಲ್ಲಿ ಹೊಳೆ ಅವುಗಳ ಮೇಲೆಯೇ ಹರಿದುಹೋಗುತ್ತಿತ್ತು.

ಬಿಳಿಯ ದೊರೆಗಳ ಸರದಿ ಬಂದದ್ದು ಆಮೇಲೆ. ದಕ್ಷಿಣ ಕನ್ನಡದಲ್ಲಿ ಕಲೆಕ್ಟರಾಗಿದ್ದ ಹೆನ್ರಿ ಸಲಿವನ್ ಥಾಮಸ್ ಭಾರತದಲ್ಲಿ ಗಾಳ ಹಾಕುವುದನ್ನು ಕುರಿತ ತನ್ನ ಪುಸ್ತಕವನ್ನು 1873ರಲ್ಲಿ ಅಚ್ಚು ಹಾಕಿಸಿದ್ದು ನಮ್ಮ ಮಂಗಳೂರಿನಲ್ಲಿ. ಅದಕ್ಕೂ ಮೊದಲು 1870ರಲ್ಲಿ ಜಿಲ್ಲೆಯ ಮೀನು ಸಾಕಣೆಯನ್ನು ಕುರಿತು ವರದಿ ಬರೆದವನೂ ಅವನೇ. 1897ರಲ್ಲಿ ಬಂದ ಭಾರತೀಯ ಮೀನುಗಾರಿಕೆ ಕಾಯಿದೆ, ಸಿಡಿಮದ್ದು ಸಿಡಿಸಿ ಇಲ್ಲವೆ ವಿಷ ಬೆರೆಸಿ ಮೀನು ಹಿಡಿಯುವುದನ್ನು ಅಪರಾಧವೆಂದು ಸಾರಿತು.

ಇದರ ಜತೆಗೆ ತೂಕದ ಹುಚ್ಚೂ ಬೆಳೆಯಿತು. 1919ರ ಡಿಸೆಂಬರಿನಲ್ಲಿ ಕಾವೇರಿಯಲ್ಲಿ 119 ಪೌಂಡಿನ ಮಹಶೀರ್ ಮೀನು ರಿವೆಟ್-ಕಾರ್ನಾಕ್ ಎಂಬವನ ಗಾಳಕ್ಕೆ ಬಿದ್ದಿತು. 1946ರ ಮಾರ್ಚಿಯಲ್ಲಿ ಮೈಸೂರಿನ ವಾನ್ ಇಂಗೆನ್ ಕಬಿನಿಯಲ್ಲಿ 120 ಪೌಂಡಿನದನ್ನು ಎಳೆದು ಆ ದಾಖಲೆಯನ್ನು ಒಂದೇ ಪೌಂಡಿನಿಂದ ಮುರಿದನು. ಎರಡೂ ಮೀನುಗಳಿಗೆ ಅದೇ ಕೊನೆಯ ಆಟವಾಯಿತೆಂದು ಬೇರೆ ಹೇಳಬೇಕಾಗಿಲ್ಲ.

ಪಂದ್ಯವನ್ನು ದೊಡ್ಡ ವ್ಯಾಪಾರವಾಗಿ ಮಾಡಿದವರು ಅಮೆರಿಕದವರು. 1967ರ ಜೂನ್ ತಿಂಗಳಲ್ಲಿ ರೇ ಸ್ಕಾಟ್ ಎಂಬಾತ ಆರ್ಕನ್ಸಾ ಸಂಸ್ಥಾನದ ಬೀವರ್ ಲೇಕಿನಲ್ಲಿ, ‘ಬಾಸ್’ ಎಂಬ ಮೀನಿಗಾಗಿ ಮೊದಲ ದೊಡ್ಡ ಪಂದ್ಯವನ್ನು ಏರ್ಪಡಿಸಿದನು. ಬೀವರ್ ಲೇಕ್ ಸಹಜವಾದ ಸರೋವರವಲ್ಲ; ನಮ್ಮ ತುಂಗಭದ್ರಾ ಜಲಾಶಯದಂತೆ ಅಣೆಕಟ್ಟಿನಿಂದ ಆದದ್ದು. ನೂರಾರು ಜನ ಸೇರಿ ಹೀಗೆ ಹಿಡಿದು ಕೊಂದರೆ ಮುಂದಿನ ಪಂದ್ಯಕ್ಕೆ ಮೀನೆಲ್ಲಿ? 1972ರಿಂದ ಮೀನನ್ನು ಜೀವಂತವಾಗಿ ತಂದು ತೂಗಿ ಮತ್ತೆ ನೀರಿಗೆ ಬಿಡುವ ಪದ್ಧತಿಯನ್ನು ಅವನೇ ರೂಢಿಸಿದನು. ಲಾಭಕ್ಕಾಗಿಯೇ ಆಗಲಿ, ಆಟಕ್ಕೆ ಒಂದು ಧರ್ಮ ಬಂದಿತು.

ಹಿಡಿದು ಬಿಡುವ ಈ ಪದ್ಧತಿ ಕಾವೇರಿಗೂ ಬಂದಿತು. ಗಾಳಿಬೋರೆ ಶಿಬಿರದಲ್ಲಿ 1998ರಿಂದ 2012ರವರೆಗೆ ಹಿಡಿದು ಬಿಟ್ಟ 6,000ಕ್ಕೂ ಹೆಚ್ಚು ಮಹಶೀರ್‌ಗಳ ಲೆಕ್ಕ ಪುಸ್ತಕಗಳಲ್ಲಿ ಉಳಿಯಿತು. ವಿಜ್ಞಾನಿಗಳು ಅದನ್ನು ತೆರೆದು ನೋಡಿದಾಗ ಗಾಬರಿಯ ಸಂಗತಿ ಹೊರಬಿತ್ತು. ಮೀನಿನ ಸಂಖ್ಯೆ ಹೆಚ್ಚುತ್ತಿತ್ತು, ಆದರೆ ಕಾವೇರಿಯ ಸ್ವಂತದ ಗೂನುಬೆನ್ನಿನ ಮಹಶೀರ್ ಮರೆಯಾಗುತ್ತಿತ್ತು. ಲೋಣಾವಳದಿಂದ ಮರಿ ತಂದು ಬಿಟ್ಟ ಕೃಷ್ಣಾ ಕೊಳ್ಳದ ಮಹಶೀರ್ ಅದರ ಜಾಗವನ್ನು ಹಿಡಿದಿತ್ತು. 2018ರಲ್ಲಿ ಗೂನುಬೆನ್ನಿನದಕ್ಕೆ ಸರಿಯಾದ ಶಾಸ್ತ್ರೀಯ ಹೆಸರು ಗೊತ್ತಾದಾಗ, ಅಳಿವಿನ ಅಂಚಿನ ಪಟ್ಟಿಗೂ ಅದು ಸೇರಿತು. ಆಟದವರು ಲೆಕ್ಕ ಬರೆದಿಡದಿದ್ದರೆ ಈ ನಷ್ಟ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಕಾವೇರಿಗೆ ಅತಿಥಿಯಾಗಿ ಹೋಗಿ ಯಜಮಾನನಾದ ಆ ಕೃಷ್ಣಾ ಕೊಳ್ಳದ ಮೀನಿಗೆ ತುಂಗಭದ್ರೆ ತವರುಮನೆ. ಆದರೆ ಮಳೆಗಾಲದಲ್ಲಿ ಮೇಲ್ಮುಖವಾಗಿ ಏರಿ ಮೊಟ್ಟೆಯಿಡುವ ಜಾತಿಗೆ, 1945ರಲ್ಲಿ ಅಡಿಗಲ್ಲು ಬಿದ್ದು 1953ರಲ್ಲಿ ನೀರು ನಿಂತ ಈ ಅಣೆಕಟ್ಟು ದಾಟಲಾರದ ಗೋಡೆ. ಮೇಲಿನ ಜಲಾಶಯದಲ್ಲಿ ಈಗ ಗಂಗಾ ಕೊಳ್ಳದ ಕಾಟ್ಲಾ, ರೋಹು, ಮೃಗಾಲ್‌ಗಳ ಸಂಸಾರ. ಕೆಳಗೆ ಹಂಪಿಯ ಬಂಡೆಗಳ ನಡುವೆ ಬೇಸಗೆಯಲ್ಲಿ ಹೊಳೆ ಬತ್ತಿ ಮಡುಗಳಷ್ಟೇ ಉಳಿಯುತ್ತವೆ. ಹೊಳೆಯ ಮೀನೆಲ್ಲ ಮಳೆ ಬರುವವರೆಗೆ ಜೀವ ಹಿಡಿದುಕೊಂಡಿರುವುದು ಆ ಮಡುಗಳಲ್ಲಿ.

ಇದೇ ಬೇಸಗೆಯಲ್ಲಿ ಲೋಕದ ಬೇರೆಡೆ ಪಂದ್ಯ ನಡೆಯುತ್ತಿದ್ದರೆ, ಇಲ್ಲಿ ಕೆಲವರು ಮಡುವಿಗೆ ಸಿಡಿಮದ್ದು ಎಸೆಯುತ್ತಾರೆ. ಒಂದು ಸದ್ದಿಗೆ ತಾಯಿಮೀನು, ಮರಿಮೀನು ಎಲ್ಲ ಬೆಳ್ಳಗೆ ಮೇಲೆ ತೇಲುತ್ತವೆ. ಎಷ್ಟೋ ತಳದಲ್ಲೇ ಕೊಳೆಯುತ್ತವೆ. 2015ರಲ್ಲಿ ಸರ್ಕಾರ ಮುದ್ಲಾಪುರದಿಂದ ಕಂಪ್ಲಿಯವರೆಗಿನ 34 ಕಿಲೋಮೀಟರ್ ಹೊಳೆಯನ್ನು ನೀರುನಾಯಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಿದೆ. ಮೀನು ಹಿಡಿಯುವುದರಲ್ಲಿ ನೀರುನಾಯಿಯೇ ನಿಜವಾದ ಪಟು. ಅದಕ್ಕೆ ಬಹುಮಾನ ಬೇಡ, ಮೀನಿದ್ದರೆ ಸಾಕು.

ಹೊಸಪೇಟೆಯಲ್ಲಿ ಗಾಳದ ಪಂದ್ಯ ನಡೆಯಲಿ ಎಂದು ನಾನು ವಾದಿಸುವುದಿಲ್ಲ. ಮೀಸಲು ಹೊಳೆಯಲ್ಲಿ ಅದು ತರವೂ ಅಲ್ಲ. ಆದರೆ ಸೋಮೇಶ್ವರ ಬರೆದ ಆಟದಲ್ಲಿ ಮೀನಿಗೂ ತಪ್ಪಿಸಿಕೊಳ್ಳುವ ಅವಕಾಶ ಉಂಟು. ಬೆಸ್ತನ ಬಲೆಯ ಕಣ್ಣಿನಲ್ಲಿ ಮರಿಗೆ ದಾರಿ ಉಂಟು. ಸಿಡಿಮದ್ದಿನಲ್ಲಿ ಮಾತ್ರ ಯಾರಿಗೂ ದಾರಿಯಿಲ್ಲ. ಅದನ್ನು ಕಸುಬೆಂದೂ ಕರೆಯಲಾಗದು, ವಿನೋದವೆಂದೂ ಕರೆಯಲಾಗದು. ಒಂಬತ್ತು ಶತಮಾನಗಳ ಹಿಂದೆ ಮೀನಿನ ಜಾತಿ ಎಣಿಸಿ, ಅದಕ್ಕೆ ತುತ್ತು ಹಾಕಿ ಆಮೇಲೆ ಗಾಳ ಹಿಡಿ ಎಂದ ದೊರೆಯ ನಾಡಿನಲ್ಲಿ, ಬೇಸಗೆಯ ನಾಲ್ಕು ಮಡುಗಳನ್ನು ಕಾಯುವುದು ನಮ್ಮ ಕೈಲಾಗದ ಕೆಲಸವಲ್ಲ.