ಎದೆಹಾಲಿನ ನಂತರದ ತುತ್ತು: ಮೈಸೂರು ಸೀಮೆಯಲ್ಲಿ ಎಳೆಮಕ್ಕಳ ಆಹಾರದ ಚರಿತ್ರೆ

ಪೀಠಿಕೆ

ಎಳೆಮಕ್ಕಳ ಅಪೌಷ್ಟಿಕತೆಯ ಚರ್ಚೆಯಲ್ಲಿ ಎರಡು ವಿಷಯ ಮತ್ತೆ ಮತ್ತೆ ಬರುತ್ತವೆ: ಎದೆಹಾಲು ಮತ್ತು ಅಂಗನವಾಡಿಯ ಊಟ. ಮಗು ಸೊರಗಲು ತೊಡಗುವುದು ಹೆಚ್ಚಾಗಿ ಇವೆರಡರ ನಡುವಿನ ಅವಧಿಯಲ್ಲಿ, ಅಂದರೆ ಆರು ತಿಂಗಳಿಂದ ಎರಡು ವರ್ಷದೊಳಗೆ. ಆ ವಯಸ್ಸಿನ ಮಗುವಿಗೆ ಏನು ಉಣಿಸಬೇಕು ಎಂಬ ಪ್ರಶ್ನೆಗೆ ಮೈಸೂರು ಸೀಮೆಯಲ್ಲಿ ಬಂದ ಉತ್ತರಗಳನ್ನು ಈ ಲೇಖನ ಪರಿಶೀಲಿಸುತ್ತದೆ. ಏನು ಉಣಿಸಬೇಕೆಂಬ ತಿಳಿವಳಿಕೆ ಇಲ್ಲಿ ಎಂದೋ ಸಿದ್ಧವಾಗಿತ್ತು. ಉಣಿಸುವವರ ಬಿಡುವನ್ನು ಮಾತ್ರ ಯಾವ ಯೋಜನೆಯೂ ಬಹುಕಾಲ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ ಎಂಬುದು ನನ್ನ ವಾದ.

ಗ್ರಂಥ ಮತ್ತು ರೂಢಿ

ಮಗುವಿಗೆ ಆರನೆಯ ತಿಂಗಳಲ್ಲಿ ಹಗುರವೂ ಹಿತವೂ ಆದ ಅನ್ನವನ್ನು ಉಣಿಸಬೇಕೆಂದು ಸುಶ್ರುತ ಸಂಹಿತೆಯ ಶಾರೀರಸ್ಥಾನ ಹೇಳುತ್ತದೆ. ವಿಶ್ವ ಆರೋಗ್ಯ ಸಭೆ ಮೊದಲ ಆರು ತಿಂಗಳು ಎದೆಹಾಲೊಂದೇ ಸಾಕೆಂಬ ಶಿಫಾರಸಿಗೆ ಬಂದದ್ದು 2001ರಲ್ಲಿ. ಅದಕ್ಕೆ ಮೊದಲು ನಾಲ್ಕರಿಂದ ಆರು ತಿಂಗಳು ಎನ್ನಲಾಗುತ್ತಿತ್ತು. ಆದರೆ ಪ್ರಾಚೀನ ಗ್ರಂಥಗಳ ಎಲ್ಲ ಮಾತೂ ಇಂದಿನ ವೈದ್ಯಕ್ಕೆ ಹೊಂದುವುದಿಲ್ಲ. ತಾಯಿಯ ಹಾಲು ಇಳಿಯಲು ಮೂರು ನಾಲ್ಕು ದಿನ ಬೇಕೆಂದು ಭಾವಿಸಿ, ಅಲ್ಲಿಯವರೆಗೆ ಜೇನು, ತುಪ್ಪ ನೆಕ್ಕಿಸಲು ಅದೇ ಸಂಹಿತೆ ಹೇಳುತ್ತದೆ. ಮೊದಲ ದಿನಗಳ ಹಳದಿ ಹಾಲನ್ನು ಹಿಂಡಿ ಚೆಲ್ಲುವ ರೂಢಿ ನಮ್ಮ ಹಳ್ಳಿಗಳಲ್ಲಿಯೂ ಇತ್ತು. ರೋಗನಿರೋಧಕ ಅಂಶಗಳು ತುಂಬಿದ ಆ ಹಾಲು ತಪ್ಪಿದ ಕೂಸು ಸೋಂಕಿಗೆ ಬೇಗ ತುತ್ತಾಗುತ್ತಿತ್ತು.

ಆರು ತಿಂಗಳು ತುಂಬಿದ ಕೂಸಿಗೆ ಬಯಲುಸೀಮೆಯ ಮನೆಗಳಲ್ಲಿ ರಾಗಿ ಸರಿಯೇ ಮೊದಲ ಆಹಾರ. ರಾಗಿಯನ್ನು ರಾತ್ರಿಯಿಡೀ ನೆನೆಹಾಕಿ, ನೀರು ಬಸಿದು, ಬಟ್ಟೆಯಲ್ಲಿ ಗಂಟು ಕಟ್ಟಿ ಮೊಳಕೆ ಬರಿಸುತ್ತಾರೆ. ಮೊಳಕೆಯನ್ನು ಒಣಗಿಸಿ, ಹದವಾಗಿ ಹುರಿದು, ಉಜ್ಜಿ ಬೇರು ಉದುರಿಸಿ, ಬೀಸಿ, ತೆಳುಬಟ್ಟೆಯಲ್ಲಿ ಜಾಲಿಸುತ್ತಾರೆ. ಆ ಹಿಟ್ಟನ್ನು ಹಾಲು ಬೆಲ್ಲ ಹಾಕಿ ಕಾಯಿಸಿ, ಆರಿಸಿ, ಒಳಲೆಯಲ್ಲಿ ಕುಡಿಸುತ್ತಾರೆ. ನೆನೆಹಾಕುವುದರಿಂದ ಜಾಲಿಸುವವರೆಗೆ ನಾಲ್ಕೈದು ದಿನದ ಕೆಲಸ. ಕೂಡುಕುಟುಂಬದಲ್ಲಿ ಅದನ್ನು ಅಜ್ಜಿ, ಅತ್ತೆ, ಓರಗಿತ್ತಿಯರು ಹಂಚಿಕೊಳ್ಳುತ್ತಿದ್ದರು.

ಡಬ್ಬಿಹಾಲಿನ ಕಾಲ

1950ರ ಅಕ್ಟೋಬರ್‌ನಲ್ಲಿ ಮೈಸೂರಿನ ಚೆಲುವಾಂಬ ವಿಲಾಸ ಅರಮನೆಯಲ್ಲಿ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆ ಆರಂಭವಾಯಿತು. ವಿ. ಸುಬ್ರಹ್ಮಣ್ಯನ್ ಅದರ ಮೊದಲ ನಿರ್ದೇಶಕರು. ಆಗ ಶಿಶು ಆಹಾರದ ಡಬ್ಬಿಗಳು ವಿದೇಶದಿಂದ ಬರುತ್ತಿದ್ದವು. ನಮ್ಮಲ್ಲಿ ಹೇರಳವಾಗಿದ್ದುದು ಎಮ್ಮೆ ಹಾಲು. ಅದರಲ್ಲಿ ಕೊಬ್ಬು ಶೇ. 7ರಷ್ಟಿದ್ದರೆ ತಾಯಿಯ ಹಾಲಿನಲ್ಲಿ ಹೆಚ್ಚುಕಡಿಮೆ ಅದರರ್ಧ. ಪ್ರೋಟೀನ್ ತಾಯಿಯ ಹಾಲಿನದಕ್ಕಿಂತ ಮೂರು ನಾಲ್ಕು ಪಟ್ಟು. ಕೂಸಿನ ಹೊಟ್ಟೆಯಲ್ಲಿ ಅದು ಗಟ್ಟಿಯಾಗಿ ಒಡೆಯುತ್ತದೆ. ಸಂಸ್ಥೆಯ ವಿಜ್ಞಾನಿಗಳು ಎಮ್ಮೆ ಹಾಲನ್ನು ಹದಗೊಳಿಸಿ ಶಿಶುವಿಗೆ ಜೀರ್ಣವಾಗುವ ಪುಡಿ ಮಾಡುವ ವಿಧಾನವನ್ನು ರೂಪಿಸಿದರು. ಆನಂದ್‌ನ ಅಮುಲ್ ಸಹಕಾರ ಸಂಘ ಅದನ್ನು ತಯಾರಿಸಿ ಮಾರಿತು. ವಿದೇಶಿ ಡಬ್ಬಿಗೆ ಸ್ವದೇಶಿ ಬದಲಿ ಸಿಕ್ಕಿತು.

ಆದರೆ ಡಬ್ಬಿ ಯಾವ ದೇಶದ್ದಾದರೂ ಬಡ ಮನೆಯಲ್ಲಿ ಅದರ ಗತಿ ಒಂದೇ. ಪುಡಿ ಹೆಚ್ಚು ದಿನ ಬರಲೆಂದು ನೀರು ಹೆಚ್ಚಿಸುತ್ತಾರೆ. ಕುದಿಸದ ಬಾಟಲಿಯಿಂದ ಭೇದಿ ಶುರುವಾಗುತ್ತದೆ. ಅಪೌಷ್ಟಿಕತೆಯಿಂದ ಎಳೆಮಕ್ಕಳಿಗೆ ಬರುವ ಕ್ವಾಶಿಯೋರ್ಕರ್ ರೋಗವನ್ನು ವೈದ್ಯಲೋಕಕ್ಕೆ ಪರಿಚಯಿಸಿದ ಸಿಸಿಲಿ ವಿಲಿಯಮ್ಸ್, 1939ರಲ್ಲಿಯೇ ಸಿಂಗಪುರದಲ್ಲಿ ಈ ಅಪಾಯದ ಬಗ್ಗೆ ಕಟುವಾಗಿ ಮಾತನಾಡಿದ್ದರು. ಎದೆಹಾಲಿನ ಬದಲಿಗಳ ಮಾರಾಟಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಸಂಹಿತೆಗೆ ವಿಶ್ವ ಆರೋಗ್ಯ ಸಭೆ ಒಪ್ಪಿಗೆ ಕೊಟ್ಟದ್ದು 1981ರಲ್ಲಿ. ಪರವಾಗಿ 118 ಮತ, ವಿರೋಧವಾಗಿ ಅಮೆರಿಕದ ಒಂದೇ ಮತ. ಭಾರತ 1992ರಲ್ಲಿ ಕಾನೂನು ಮಾಡಿತು. 2003ರ ತಿದ್ದುಪಡಿಯ ನಂತರ ಎರಡು ವರ್ಷದೊಳಗಿನ ಮಕ್ಕಳ ಆಹಾರದ ಜಾಹೀರಾತಿಗೂ ಅವಕಾಶವಿಲ್ಲ.

ಮೊಳಕೆ ರಾಗಿಯ ವಿಜ್ಞಾನ

ಅದೇ ಮೈಸೂರಿನ ಸಂಸ್ಥೆಯಲ್ಲಿ ಇನ್ನೊಂದು ದಾರಿಯೂ ತೆರೆದಿತ್ತು. 1980ರ ದಶಕದ ಆರಂಭದಲ್ಲಿ ಎನ್.ಜಿ. ಮಲ್ಲೇಶಿ ಮತ್ತು ಎಚ್.ಎಸ್.ಆರ್. ದೇಶಿಕಾಚಾರ್ ಮೊಳಕೆ ಕಟ್ಟಿದ ರಾಗಿ ಮತ್ತು ಹೆಸರುಕಾಳಿನಿಂದ ಎಳೆಮಕ್ಕಳ ಆಹಾರವೊಂದನ್ನು ರೂಪಿಸಿದರು. ಅವರು ಬಿಡಿಸಹೊರಟದ್ದು ಸರಿಯ ಗಟ್ಟಿತನದ ಸಮಸ್ಯೆಯನ್ನು. ಎಂಟು ಕೆ.ಜಿ. ತೂಗುವ ಮಗುವಿನ ಹೊಟ್ಟೆ ಒಂದು ಸಲಕ್ಕೆ ಹಿಡಿಸುವುದು ಸುಮಾರು 240 ಮಿ.ಲೀ. ಸಾಮಾನ್ಯ ಹಿಟ್ಟನ್ನು ಕಾಯಿಸಿದರೆ ಬೇಗ ಗಟ್ಟಿಯಾಗುತ್ತದೆ. ನೀರು ಬೆರೆಸಿ ತೆಳುಮಾಡಿದರೆ ಹೊಟ್ಟೆ ತುಂಬಿದರೂ ಶಕ್ತಿ ಸಾಲದು. ಮೊಳೆಯುವಾಗ ಹುಟ್ಟುವ ಅಮೈಲೇಸ್ ಕಿಣ್ವ ಪಿಷ್ಟವನ್ನು ಒಡೆಯುವುದರಿಂದ, ಅಷ್ಟೇ ನೀರಿಗೆ ಹೆಚ್ಚು ಹಿಟ್ಟು ಹಾಕಿದರೂ ಸರಿ ಕುಡಿಯುವ ಹದದಲ್ಲಿಯೇ ಇರುತ್ತದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿ.ಗ್ರಾಂ ಕ್ಯಾಲ್ಸಿಯಂ ಇದೆ. ಮೊಳಕೆಯಿಂದ, ಕಬ್ಬಿಣವನ್ನು ಹಿಡಿದಿಡುವ ಫೈಟೇಟ್ ತಗ್ಗಿ ಕಬ್ಬಿಣಾಂಶವೂ ಮೈಗೆ ಹೆಚ್ಚು ಹತ್ತುತ್ತದೆ. ಅಜ್ಜಿಯರು ರೂಢಿಯಿಂದ ಮಾಡುತ್ತಿದ್ದುದಕ್ಕೆ ಪ್ರಯೋಗಾಲಯದಲ್ಲಿ ಕಾರಣ ಸಿಕ್ಕಿತು.

ಯೋಜನೆಗಳು ಮತ್ತು ಅಂಕಿಅಂಶ

1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಾಗ ಕರ್ನಾಟಕದಿಂದ ಆಯ್ಕೆಯಾದದ್ದು ಮೈಸೂರು ಜಿಲ್ಲೆಯ ತಿ. ನರಸೀಪುರ. ಮೂರು ವರ್ಷ ದಾಟಿದ ಮಗುವಿಗೆ ಅಂಗನವಾಡಿಯಲ್ಲಿ ಬಿಸಿಯೂಟ ಸಿಗುತ್ತದೆ. ಅದಕ್ಕಿಂತ ಚಿಕ್ಕದಕ್ಕೆ ಮನೆಗೆ ಪೊಟ್ಟಣ ಹೋಗುತ್ತದೆ. ಅದು ಆ ಮಗುವಿನ ಬಾಯಿಗೇ ಬಿತ್ತೇ, ಮನೆಮಂದಿಯ ನಡುವೆ ಹಂಚಿಹೋಯಿತೇ ಎಂದು ನೋಡುವವರು ಕಡಿಮೆ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಅಂಕಿಗಳಲ್ಲಿ ಇದರ ಪರಿಣಾಮ ಕಾಣುತ್ತದೆ. ದೇಶದಲ್ಲಿ ಆರು ತಿಂಗಳೊಳಗಿನ ಶೇ. 63.7 ಮಕ್ಕಳಿಗೆ ಎದೆಹಾಲೊಂದೇ ಆಹಾರ. ಆದರೆ 6–23 ತಿಂಗಳ ಮಕ್ಕಳಲ್ಲಿ ಸಾಕಷ್ಟು ಆಹಾರ ಸಿಗುತ್ತಿರುವುದು ಶೇ. 11.3 ಮಂದಿಗೆ ಮಾತ್ರ. ಕರ್ನಾಟಕದಲ್ಲಿ ಐದು ವರ್ಷದೊಳಗಿನ ಶೇ. 35.4 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ.

ಉಪಸಂಹಾರ

ಎಂಟು ತಿಂಗಳ ಮಗುವಿಗೆ ದಿನಕ್ಕೆ ಎರಡು ಮೂರು ಸಲ, ವರ್ಷದ ಹೊತ್ತಿಗೆ ಮೂರು ನಾಲ್ಕು ಸಲ ತಾಳ್ಮೆಯಿಂದ ಉಣಿಸಬೇಕು. ಸಂಘಟಿತ ವಲಯದ ತಾಯಿಗೆ 2017ರಿಂದ 26 ವಾರಗಳ ಹೆರಿಗೆ ರಜೆಯಿದೆ. ಅದು ಮುಗಿಯುವುದು ಸರಿಯಾಗಿ ಮೇಲಾಹಾರ ಶುರುವಾಗುವ ಹೊತ್ತಿಗೆ. ಕೂಲಿಗೆ ಹೋಗುವ ತಾಯಿಗೆ ಆ ರಜೆಯೂ ಇಲ್ಲ, ಕೂಡುಕುಟುಂಬದ ಕೈಗಳೂ ಇಲ್ಲ. ಈ ಕಾರಣಕ್ಕಾಗಿ, ಕರ್ನಾಟಕ ಸರ್ಕಾರ 2023ರಲ್ಲಿ ಘೋಷಿಸಿದ ಗ್ರಾಮ ಪಂಚಾಯಿತಿಗಳ ‘ಕೂಸಿನ ಮನೆ’ ಎಂಬ ಶಿಶುಪಾಲನಾ ಕೇಂದ್ರಗಳ ಯೋಜನೆ ಈ ಚರಿತ್ರೆಯಲ್ಲಿ ಮಹತ್ವದ ಹೆಜ್ಜೆ. ಅಲ್ಲಿ ಮಗುವನ್ನು ಕಾಯುವುದಷ್ಟೇ ಆದರೆ ಸಾಲದು. ಸ್ತ್ರೀಶಕ್ತಿ ಸಂಘಗಳು ತಯಾರಿಸಿದ ಮೊಳಕೆ ರಾಗಿಯ ಹಿಟ್ಟು, ಬೇಳೆ, ಮೊಟ್ಟೆ, ಸೊಪ್ಪು ಅಲ್ಲಿಗೆ ತಲುಪಬೇಕು. ಹೊತ್ತುಹೊತ್ತಿಗೆ ಉಣಿಸುವ ಆಯಾಳಿಗೆ ಬದುಕಲು ಸಾಕಾಗುವಷ್ಟು ಸಂಬಳ ಸಿಗಬೇಕು. ಆ ಸಂಬಳವನ್ನೂ ಪೌಷ್ಟಿಕ ಆಹಾರದ ಖರ್ಚೆಂದೇ ಸರ್ಕಾರ ಲೆಕ್ಕ ಹಾಕಬೇಕು.