ಮೆಟ್ಟು ನೋಡಿ ಪಟ್ಟಿ: ಬೆಳಗಾವಿ ಮತ್ತು ಖಾನಾಪುರದ ದಿನನಿತ್ಯದ ನಡಿಗೆಗೆ ಕಣಕಾಲಿನ ಆಧಾರದ ಆಯ್ಕೆ

ಕಣಕಾಲು ಉಳುಕಿದವರು ಬೆಳಗಾವಿಯ ಔಷಧ ಅಂಗಡಿಗೆ ಹೋಗಿ ‘ಕಾಲಿಗೆ ಹಾಕೋ ಪಟ್ಟಿ ಕೊಡ್ರಿ’ ಎಂದರೆ ಸಾಮಾನ್ಯವಾಗಿ ಸಿಗುವುದು ಒಂದು ಕ್ರೇಪ್ ಬ್ಯಾಂಡೇಜು, ಇಲ್ಲವೇ ಎಳೆದು ತೊಡುವ ಆಂಕ್ಲೆಟ್. ಅಳತೆಯ ಮಾತು ಮೀಡಿಯಮ್ಮೋ ಲಾರ್ಜೋ ಎಂಬಲ್ಲಿಗೆ ಮುಗಿಯುತ್ತದೆ. ಕಾಲಿಗೆ ಏನು ಮೆಟ್ಟುತ್ತೀರಿ ಎಂದು ಕೇಳುವವರಿಲ್ಲ. ಆಧಾರಪಟ್ಟಿಯ ಆಯ್ಕೆಯನ್ನು ನಿರ್ಧರಿಸಬೇಕಾದ ಮೊದಲ ಪ್ರಶ್ನೆ ಅದೇ ಎಂಬುದು ಈ ಲೇಖನದ ವಾದ.

ಇಲ್ಲಿ ಹೊಸ ಸಮೀಕ್ಷೆಯಿಲ್ಲ. ಪ್ರಕಟವಾದ ಪ್ರಯೋಗಗಳನ್ನು ಈ ಭಾಗದ ನೆಲ, ಮಳೆ, ಪಾದರಕ್ಷೆಗಳ ಎದುರಿಗಿಟ್ಟು ಓದುವ ಯತ್ನವಿದು. ಸಂತೆಗೆ, ಶಾಲೆಗೆ, ಗದ್ದೆಗೆ, ಬಸ್ ನಿಲ್ದಾಣಕ್ಕೆ ನಡೆದು ಹೋಗುವವರು ಇದರ ಕೇಂದ್ರ, ಆಟಗಾರರಲ್ಲ. ಲಕ್ವ ಹೊಡೆದು ಅಥವಾ ನರಕ್ಕೆ ಪೆಟ್ಟಾಗಿ ಮುಂಗಾಲು ಜೋತುಬಿದ್ದವರಿಗೆ ಕೊಡುವ ಎ.ಎಫ್.ಒ. ಬೇರೆಯೇ ಸಾಧನ. ಅದನ್ನು ಪರಿಣತರು ಅಳತೆ ತೆಗೆದು ಮಾಡಿಕೊಡಬೇಕು, ಹಾಗಾಗಿ ಆ ವಿಷಯ ಇಲ್ಲಿಗೆ ಬಿಟ್ಟಿದೆ.

ಪೆಟ್ಟಿನ ಸ್ವರೂಪ

ಸಮತಟ್ಟು ನೆಲದಲ್ಲಿ ನಡೆಯುವಾಗ ಪಾದ ಮೇಲಕ್ಕೆ ಸುಮಾರು 10 ಡಿಗ್ರಿ, ಕೆಳಕ್ಕೆ ಸುಮಾರು 20 ಡಿಗ್ರಿ ಬಾಗುತ್ತದೆ. ಪಾದದ ತುದಿ ಕೆಳಗಿಳಿದಾಗ ಕೀಲಿನ ಹಿಡಿತ ಸಡಿಲ, ಏಕೆಂದರೆ ಟೇಲಸ್ ಮೂಳೆಯ ಹಿಂಭಾಗ ಮುಂಭಾಗಕ್ಕಿಂತ ಕಿರಿದು. ಆ ಗಳಿಗೆಯಲ್ಲಿ ಅಂಗಾಲು ಒಳಮುಖವಾಗಿ ಹೊರಳಿದರೆ ಮೊದಲ ಪೆಟ್ಟು ಹೊರಗಂಟಿನ ಮುಂದಿರುವ, ಫಿಬುಲಾ ಮತ್ತು ಟೇಲಸ್‌ಗಳನ್ನು ಕಟ್ಟಿಹಿಡಿದ ಅಸ್ಥಿರಜ್ಜಿಗೆ. ಪೆಟ್ಟು ಜೋರಾದರೆ ಹಿಮ್ಮಡಿಗೆ ಇಳಿಯುವ ರಜ್ಜೂ ಹರಿಯುತ್ತದೆ. ಜಾಂಬೋಟಿ, ಕಣಕುಂಬಿ ಕಡೆಯ ಇಳಿಜಾರಿನಲ್ಲಿ ಪಾದ ಹೆಚ್ಚು ಹೊತ್ತು ಇದೇ ಸಡಿಲ ಭಂಗಿಯಲ್ಲಿರುತ್ತದೆ.

ಪಟ್ಟಿ ಕೊಳ್ಳುವ ಮೊದಲು ಮೂಳೆ ಮುರಿದಿಲ್ಲವೆಂದು ಖಾತ್ರಿಯಾಗಬೇಕು. ಕೆನಡಾದ ಒಟ್ಟಾವಾದಲ್ಲಿ ಇಯಾನ್ ಸ್ಟೀಲ್ ಮತ್ತು ಸಂಗಡಿಗರು 1992ರಲ್ಲಿ ರೂಪಿಸಿದ ನಿಯಮಗಳು ಇದಕ್ಕೆ ಇಂದಿಗೂ ಆಸರೆ. ಪೆಟ್ಟಾದ ಕೂಡಲೇ ಮತ್ತು ಪರೀಕ್ಷೆಯ ಹೊತ್ತಿನಲ್ಲಿ ನಾಲ್ಕು ಹೆಜ್ಜೆ ಊರಲಾಗದಿದ್ದರೆ ಎಕ್ಸ್‌ರೇ ಬೇಕು. ಹೊರಗಂಟಿನ ಅಥವಾ ಒಳಗಂಟಿನ ಹಿಂಬದಿಯ ಅಂಚಿನಲ್ಲಿ, ತುದಿಯಿಂದ 6 ಸೆಂ.ಮೀ. ಒಳಗೆ ಮೂಳೆ ಒತ್ತಿದರೆ ನೋಯುತ್ತಿದ್ದರೂ ಬೇಕು. ಪಾದದ ಹೊರ ಅಂಚಿನಲ್ಲಿ ಕಿರುಬೆರಳಿನ ಉದ್ದ ಮೂಳೆ ಆರಂಭವಾಗುವಲ್ಲಿ ಅಥವಾ ಒಳ ಅಂಚಿನ ನ್ಯಾವಿಕ್ಯುಲರ್ ಮೂಳೆಯ ಮೇಲೆ ನೋವಿದ್ದರೂ ಅಷ್ಟೇ. ಖಾನಾಪುರದಿಂದ ಬೆಳಗಾವಿ ಸುಮಾರು 25 ಕಿ.ಮೀ.; ರೈಲೂ ಇದೆ ಬಸ್ಸೂ ಇದೆ. ಭೀಮಗಡ ಅಭಯಾರಣ್ಯದೊಳಗಿನ ಹಳ್ಳಿಗಳ ಪಾಡು ಹಾಗಲ್ಲ. 2024ರ ಮಳೆಗಾಲದಲ್ಲಿ ಆಮಗಾಂವದ ಮಹಿಳೆಯೊಬ್ಬರನ್ನು ಕಾಡುದಾರಿಯಲ್ಲಿ ಹೊತ್ತು ತಂದದ್ದು ಸುದ್ದಿಯಾಗಿತ್ತು. ಅಂಥ ಕಡೆ ಯಾರನ್ನು ಹೊತ್ತೊಯ್ಯಬೇಕು, ಯಾರು ಮನೆಯಲ್ಲೇ ಕಾಲು ಎತ್ತಿಟ್ಟು ಕೂರಬಹುದು ಎಂದು ಹೇಳಬಲ್ಲ ನಿಯಮಕ್ಕೆ ಬೆಲೆ ಹೆಚ್ಚು. ಆಶಾ ಕಾರ್ಯಕರ್ತೆಯರಿಗೆ ಇದನ್ನು ಕಲಿಸುವುದು ಕಷ್ಟವೇನಲ್ಲ. ಬಾತ ಕಾಲನ್ನು ಮೊದಲ ದಿನವೇ ಎಳೆಸಿ ತಿಕ್ಕಿಸುವುದಂತೂ ಬೇಡ.

ಪ್ರಯೋಗಗಳು ಹೇಳುವುದು, ಹೇಳದಿರುವುದು

ಅಂಗಡಿಯಲ್ಲಿ ಸಿಗುವುದು ಮುಖ್ಯವಾಗಿ ಮೂರು ಬಗೆ. ಎಳೆದು ತೊಡುವ ಆಂಕ್ಲೆಟ್ ಬಾವನ್ನು ಒತ್ತಿ ಹಿಡಿಯುತ್ತದೆ, ಚರ್ಮಕ್ಕೆ ಬಿಸುಪು ಕೊಡುತ್ತದೆ, ‘ಕಾಲಿಗೆ ಏನೋ ಇದೆ’ ಎಂಬ ಎಚ್ಚರ ಮೂಡಿಸುತ್ತದೆ. ಹೊರಳುವ ಪಾದವನ್ನು ತಡೆಯುವ ಬಲ ಅದಕ್ಕಿಲ್ಲ. ಲೇಸ್ ಕಟ್ಟುವ ಗಟ್ಟಿಬಟ್ಟೆಯ ಬ್ರೇಸ್‌ನಲ್ಲಿ ಹಿಮ್ಮಡಿಯ ಸುತ್ತ ಎಂಟರ ಆಕಾರದಲ್ಲಿ ಬರುವ ಪಟ್ಟಿಗಳಿರುತ್ತವೆ. ರಿಕಾಪು ಮಾದರಿಯದರಲ್ಲಿ ಎರಡೂ ಪಕ್ಕಕ್ಕೆ ಪ್ಲಾಸ್ಟಿಕ್ ಫಲಕ, ಒಳಗೆ ಗಾಳಿಯ ಇಲ್ಲವೇ ಫೋಮಿನ ಮೆತ್ತೆ. ಅದು ಪಕ್ಕಕ್ಕೆ ಹೊರಳುವುದನ್ನು ತಡೆದು, ಮೇಲೆ ಕೆಳಗೆ ಬಾಗುವುದಕ್ಕೆ ಬಿಡುತ್ತದೆ.

ಕೆರ್ಕ್‌ಹಾಫ್ಸ್ ಮತ್ತು ಸಂಗಡಿಗರ 2002ರ ಕಾಕ್ರೇನ್ ಪರಾಮರ್ಶೆ ಎಲಾಸ್ಟಿಕ್ ಬ್ಯಾಂಡೇಜಿಗಿಂತ ರಿಕಾಪು ಮಾದರಿಯಂಥ ಅರೆಗಟ್ಟಿ ಆಧಾರ ಧರಿಸಿದವರು ಬೇಗ ಕೆಲಸಕ್ಕೆ ಮರಳಿದ್ದನ್ನು ಗುರುತಿಸಿತು. ಬಾವು ಇಳಿಸುವುದರಲ್ಲಿ ಲೇಸ್ ಬ್ರೇಸ್ ಮುಂದಿತ್ತು. ಇಂಗ್ಲೆಂಡಿನಲ್ಲಿ ತೀವ್ರ ಉಳುಕಿನ 584 ಮಂದಿಯ ಮೇಲೆ ನಡೆದು 2009ರಲ್ಲಿ ಲ್ಯಾನ್ಸೆಟ್‌ನಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಮೂರು ತಿಂಗಳ ಹೊತ್ತಿಗೆ ಬರೀ ಕೊಳವೆ ಬ್ಯಾಂಡೇಜು ಹಾಕಿಕೊಂಡವರಿಗಿಂತ ಹತ್ತು ದಿನ ಮೊಣಕಾಲ ಕೆಳಗಿನ ಪ್ಲಾಸ್ಟರ್ ಹಾಕಿಸಿಕೊಂಡವರು ಚೆನ್ನಾಗಿದ್ದರು. ಒಂಬತ್ತು ತಿಂಗಳಿಗೆ ಎಲ್ಲ ಗುಂಪುಗಳೂ ಸಮ. ಎಂದರೆ ಆಯ್ಕೆಯ ಲಾಭ ಮೊದಲ ತಿಂಗಳುಗಳದು. ದಿನಗೂಲಿಯವರಿಗೆ ಆ ತಿಂಗಳುಗಳೇ ಮುಖ್ಯ ಎಂಬುದನ್ನು ಮರೆಯುವಂತಿಲ್ಲ.

ಮತ್ತೆ ಉಳುಕದಂತೆ ತಡೆಯುವ ವಿಷಯದಲ್ಲಿ ಅಮೆರಿಕದ ಹೈಸ್ಕೂಲು ಬಾಸ್ಕೆಟ್‌ಬಾಲ್ ಆಟಗಾರರ ಮೇಲಿನ 2011ರ ಪ್ರಯೋಗ (1,460 ಮಂದಿ) ಲೇಸ್ ಬ್ರೇಸ್‌ನ ಪರವಾಗಿದೆ. ಆದರೆ ಇಂಥ ಪ್ರಯೋಗಗಳಲ್ಲಿ ಬ್ರೇಸ್ ಧರಿಸಿದ ಕಾಲು ಲೇಸ್ ಬಿಗಿದ ಶೂ ಒಳಗಿತ್ತು. ನಮ್ಮ ಕಡೆ ಸಮಸ್ಯೆ ಶುರುವಾಗುವುದೇ ಅಲ್ಲಿ.

ಚಪ್ಪಲಿ, ಹೊಸ್ತಿಲು, ಕುಕ್ಕರಗಾಲು

ಅರೆಗಟ್ಟಿ ಬ್ರೇಸ್‌ನ ತಳಭಾಗ ಹಿಮ್ಮಡಿಯ ಅಡಿಯಲ್ಲಿ ಹಾಯುತ್ತದೆ. ಶೂ ಅದನ್ನು ಸುತ್ತಲಿಂದ ಬಿಗಿಹಿಡಿದರಷ್ಟೇ ಪಕ್ಕದ ಫಲಕಗಳ ಒತ್ತಡ ಕಾಲಿನಿಂದ ನೆಲಕ್ಕೆ ಸರಿಯಾಗಿ ಇಳಿಯುತ್ತದೆ. 2019ರಲ್ಲಿ ಭೌಗೋಳಿಕ ಗುರುತು ಪಡೆದ ಕೊಲ್ಹಾಪುರಿ ಚಪ್ಪಲಿಯ ಪ್ರದೇಶದಲ್ಲಿ ಬೆಳಗಾವಿ ಜಿಲ್ಲೆಯೂ ಸೇರಿದೆ. ಅಥಣಿ, ನಿಪ್ಪಾಣಿಯ ಕುಶಲಕರ್ಮಿಗಳ ಕೆಲಸ ನಮ್ಮ ಹೆಮ್ಮೆ. ಆದರೂ ಚಪ್ಪಟೆ ಅಟ್ಟೆ, ಹೆಬ್ಬೆರಳಿನ ಉಂಗುಟ, ಹಿಂದೆ ಪಟ್ಟಿಯೇ ಇಲ್ಲದ ಆ ಮೆಟ್ಟಿನಲ್ಲಿ ಬ್ರೇಸ್ ತೊಟ್ಟ ಹಿಮ್ಮಡಿ ಎಡಕ್ಕೂ ಬಲಕ್ಕೂ ಜಾರುತ್ತದೆ. ಹವಾಯಿ ಚಪ್ಪಲಿಯದೂ ಇದೇ ಕತೆ. ಬ್ರೇಸ್ ಎಷ್ಟೇ ದುಬಾರಿಯಾಗಿರಲಿ, ಇಂಥ ಮೆಟ್ಟಿನ ಮೇಲೆ ಅದರ ಅರ್ಧ ಕೆಲಸ ವ್ಯರ್ಥ ಎಂಬುದು ನನ್ನ ಅಭಿಪ್ರಾಯ.

ಇನ್ನೊಂದು ತೊಡಕು ಮನೆಯೊಳಗಿನದು. ಮೆಟ್ಟು ಹೊಸ್ತಿಲ ಹೊರಗೆ ಬಿಟ್ಟು ಒಳಗೆ ಬಂದವರ ಬ್ರೇಸ್‌ನ ನೈಲಾನ್ ತಳ ನುಣುಪು ಟೈಲ್ಸ್ ಮೇಲೆ ಜಾರುತ್ತದೆ. ವಯಸ್ಸಾದವರು ಒಂದು ಉಳುಕಿಗೆ ಮದ್ದು ಹುಡುಕಿ ಸೊಂಟದ ಮೂಳೆ ಮುರಿದುಕೊಳ್ಳುವ ಅಪಾಯ ಇಲ್ಲಿದೆ. ಒಳಗೆ ಬಳಸಲೆಂದೇ ಹಿಂಪಟ್ಟಿಯ ಇನ್ನೊಂದು ಜೊತೆ ಇಟ್ಟುಕೊಳ್ಳಬೇಕು. ದೇವರಮನೆಯ ಹತ್ತಿರ ಬೇಕಾದರೆ ಬಿಡಲಿ.

ಕುಕ್ಕರಗಾಲಿನಲ್ಲಿ ಕೂರುವುದು ಮೂರನೆಯದು. ಹೆಮ್ಮೆರಿಕ್ ಮತ್ತು ಸಂಗಡಿಗರು ಭಾರತೀಯರನ್ನೇ ಅಳೆದು 2006ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಹಿಮ್ಮಡಿ ಊರಿ ಕುಕ್ಕರಿಸಿದಾಗ ಕಣಕಾಲು ಸುಮಾರು 38 ಡಿಗ್ರಿಯವರೆಗೆ ಬಾಗುತ್ತದೆ. ನಡಿಗೆಗೆ ಬೇಕಾದದ್ದಕ್ಕಿಂತ ಮೂರು ಪಟ್ಟಿಗೂ ಹೆಚ್ಚು. ಬಿಗಿಯಾಗಿ ಲೇಸ್ ಕಟ್ಟಿದ ಬ್ರೇಸ್ ಈ ಬಾಗನ್ನು ತಡೆಯುತ್ತದೆ, ಮುಂದಿನ ಅಂಚು ಚರ್ಮಕ್ಕೆ ಒತ್ತುತ್ತದೆ. ಭಾರತೀಯ ಶೌಚಾಲಯ ಬಳಸುವವರಿಗೆ, ಒಲೆಯ ಮುಂದೆ ಅಥವಾ ಸಂತೆಯಲ್ಲಿ ಕಾಯಿಪಲ್ಯೆ ಹರವಿಕೊಂಡು ಕುಕ್ಕರಿಸುವವರಿಗೆ ಕೀಲಿರುವ ರಿಕಾಪು ಮಾದರಿ ವಾಸಿ. ಸೀರೆಯ ನೆರಿಗೆಗೆ ಅದರ ವೆಲ್ಕ್ರೋ ಸಿಕ್ಕಿಕೊಳ್ಳುತ್ತದೆ ಎಂಬ ದೂರು ಚಿಕ್ಕದಾಗಿ ಕಾಣಬಹುದು. ಸಿಕ್ಕಿಕೊಳ್ಳುತ್ತದೆಂದೇ ಬಿಚ್ಚಿಟ್ಟ ಬ್ರೇಸ್ ಮಾತ್ರ ಯಾರಿಗೂ ಉಪಯೋಗವಿಲ್ಲ.

ಖಾನಾಪುರದ ಮಳೆಗಾಲದ ಬಗ್ಗೆ ಬೇರೆಯೇ ಹೇಳಬೇಕು. ಮಲಪ್ರಭೆ ಹುಟ್ಟುವ ಕಣಕುಂಬಿ ಜಿಲ್ಲೆಯಲ್ಲೇ ಹೆಚ್ಚು ಮಳೆ ಬೀಳುವ ಕಡೆ. ನಿಯೋಪ್ರೀನ್, ಫೋಮು ನೀರು ಕುಡಿದರೆ ಒಂದು ದಿನದಲ್ಲಿ ಒಣಗುವುದಿಲ್ಲ. ಚರ್ಮ ಬಿಳಿಚಿ ಮೆತ್ತಗಾಗಿ ಬೆರಳ ಸಂದು ಕೊಳೆಯುತ್ತದೆ. ತೆಳು ನೈಲಾನ್ ಬಟ್ಟೆಯ ಲೇಸ್ ಬ್ರೇಸ್ ಬೇಗ ಒಣಗುತ್ತದೆ. ನಾಟಿ ಗದ್ದೆಯ ಕೆಸರಿಗಂತೂ ಯಾವ ಬ್ರೇಸೂ ಆಗಿಬರುವುದಿಲ್ಲ. ಹೊಸ ಪೆಟ್ಟಿದ್ದವರು ಕೆಲವು ವಾರ ಬದುವಿನ ಮೇಲಿನ ಕೆಲಸಕ್ಕೆ ನಿಲ್ಲುವುದೇ ದಾರಿ.

ಸ್ಪರ್ಶ ಕಳೆದುಕೊಂಡ ಪಾದ

ಸಕ್ಕರೆ ಕಾಯಿಲೆಯಿಂದ ಅಥವಾ ಹಿಂದೊಮ್ಮೆ ಬಂದು ವಾಸಿಯಾದ ಕುಷ್ಠದಿಂದ ಪಾದದ ಸ್ಪರ್ಶ ಕುಂದಿದವರು ಅಂಗಡಿಯ ಪಟ್ಟಿಯನ್ನು ತಾವಾಗಿ ಕೊಳ್ಳಬಾರದು. ಒಂದು ಮಡಿಕೆ, ಒಂದು ಹೊಲಿಗೆ ಒತ್ತಿದರೂ ಅವರಿಗೆ ಗೊತ್ತಾಗದೆ ಹುಣ್ಣಾಗುತ್ತದೆ. 10 ಗ್ರಾಂ ಮಾನೋಫಿಲಮೆಂಟ್ ತಾಗಿಸಿ ನೋಡುವ ಸುಲಭ ಪರೀಕ್ಷೆ ಮೊದಲು ಆಗಲಿ. ಪಾಲ್ ಬ್ರಾಂಡ್ ವೆಲ್ಲೂರಿನಲ್ಲಿ ಇಂಥ ಪಾದಗಳಿಗಾಗಿ ಮಾಡಿದ ಕೆಲಸದಿಂದ ಬೆಳೆದು ಬಂದ ಎಂ.ಸಿ.ಆರ್. ರಬ್ಬರಿನ ಚಪ್ಪಲಿ, ಮೃದು ಅಟ್ಟೆ ಮತ್ತು ವೆಲ್ಕ್ರೋ ಹಿಂಪಟ್ಟಿಯೊಂದಿಗೆ ಇಂದು ಸಿಗುತ್ತದೆ. ಬ್ರೇಸ್ ಹಾಕಿಕೊಂಡ ಯಾರಿಗೇ ಆದರೂ, ಶೂ ಒಗ್ಗದಿದ್ದರೆ, ಅದೇ ಸರಿಯಾದ ಮೆಟ್ಟು. ಕುಷ್ಠರೋಗಿಗಳ ಚಪ್ಪಲಿ ಎಂಬ ಹಳೆಯ ಅಂಜಿಕೆ ಅದರ ಬಳಕೆಗೆ ಅಡ್ಡಬಂದಿರುವುದು ಬೇಸರದ ಸಂಗತಿ.

ಎಷ್ಟು ದಿನ?

ಬ್ರೇಸ್ ಹಾಕಿದರೆ ಕಾಲು ಸೋಲುತ್ತದೆ ಎಂಬ ಭಯ ವ್ಯಾಪಕ. ಆರೋಗ್ಯವಂತರು ಎಂಟು ವಾರ ಬ್ರೇಸ್ ಧರಿಸಿದ ಮೇಲೂ ಪೆರೋನಿಯಸ್ ಲಾಂಗಸ್ ಸ್ನಾಯು ಪ್ರತಿಕ್ರಿಯಿಸುವ ವೇಗ ಕುಂದಿರಲಿಲ್ಲವೆಂದು 2000ದ ಅಧ್ಯಯನವೊಂದು ತೋರಿಸಿದೆ. ಬ್ರೇಸ್ ಒಂದೇ ಸಾಕೆಂದು ಇದರರ್ಥವಲ್ಲ. ಅಸ್ಥಿರಜ್ಜು ಹರಿದಾಗ ಪಾದದ ನಿಲುವನ್ನು ಮಿದುಳಿಗೆ ತಿಳಿಸುವ ನರತುದಿಗಳಿಗೂ ಪೆಟ್ಟಾಗುತ್ತದೆ ಎಂದು ಫ್ರೀಮನ್ 1965ರಲ್ಲೇ ವಾದಿಸಿದ್ದರು. ನೋವು ಇಳಿದ ಮೇಲೆ ಗೋಡೆಯ ಪಕ್ಕ ಒಂಟಿಗಾಲಲ್ಲಿ ನಿಲ್ಲುವ ಅಭ್ಯಾಸ ಆ ಅರಿವನ್ನು ಮರಳಿ ಕಟ್ಟುತ್ತದೆ. ಮೊದಲ ಆರು ವಾರ ದಿನವಿಡೀ, ಆಮೇಲೆ ಇಳಿಜಾರು ಮತ್ತು ಉಬ್ಬುತಗ್ಗಿನ ದಾರಿಗಷ್ಟೇ ಎಂಬುದು ಸಾಮಾನ್ಯ ಪೆಟ್ಟಿಗೆ ಸಾಕಾಗುವ ಲೆಕ್ಕ. ಅಳತೆಯನ್ನು ಸಂಜೆ ಹೊತ್ತು, ಗಂಟುಗಳ ಸ್ವಲ್ಪ ಮೇಲೆ ತೆಗೆಯಿರಿ. ಕೆಲವು ಕಂಪನಿಗಳು ಹಿಮ್ಮಡಿ ಮತ್ತು ಪಾದದ ಮೇಲ್ಭಾಗ ಸುತ್ತಿ ಅಳೆಯುತ್ತವೆ, ಡಬ್ಬಿಯ ಮೇಲಿನ ಚಿತ್ರ ನೋಡಿಕೊಳ್ಳಿ. ತೊಟ್ಟ ಮೇಲೆ ಬೆರಳು ನೀಲಿಯಾದರೆ, ಜೋಮು ಹಿಡಿದರೆ ಬಿಗಿ ಹೆಚ್ಚಾಗಿದೆ.

ಬೆಳಗಾವಿಯಲ್ಲಿ ಬಿಮ್ಸ್ ಇದೆ, ಕೆ.ಎಲ್.ಇ. ಸಂಸ್ಥೆಯ ಆಸ್ಪತ್ರೆ ಮತ್ತು ಫಿಸಿಯೋಥೆರಪಿ ಕಾಲೇಜು ಇವೆ. ಚಪ್ಪಲಿಯ ಮೇಲೆ, ಹಿಂಪಟ್ಟಿಯ ಚಪ್ಪಲಿಯ ಮೇಲೆ, ಶೂ ಒಳಗೆ ಒಂದೇ ಬ್ರೇಸ್ ಎಷ್ಟೆಷ್ಟು ಹೊರಳುವಿಕೆಯನ್ನು ತಡೆಯುತ್ತದೆ ಎಂದು ಅಳೆಯುವ ಪ್ರಯೋಗಕ್ಕೆ ಇಲ್ಲಿಗಿಂತ ಸೂಕ್ತ ಜಾಗ ಬೇಕಿಲ್ಲ. ಸ್ನಾತಕೋತ್ತರ ವಿದ್ಯಾರ್ಥಿಗಳು ಇದನ್ನು ಪ್ರಬಂಧದ ವಿಷಯವಾಗಿ ಎತ್ತಿಕೊಳ್ಳಲಿ. ಅಲ್ಲಿಯವರೆಗೆ, ಬ್ರೇಸ್ ಬರೆದುಕೊಡುವ ವೈದ್ಯರು ಅದೇ ಚೀಟಿಯಲ್ಲಿ ಮೆಟ್ಟಿನ ಹೆಸರನ್ನೂ ಬರೆಯಬೇಕೆಂದು ಕೋರುತ್ತೇನೆ.