ಹೊಲದ ಡಬ್ಬಿಯಿಂದ ಪಡಸಾಲೆಯ ದೀಪಕ್ಕೆ

ಗದಗ ಜಿಲ್ಲೆಯ ರೋಣ ತಾಲ್ಲೂಕಿನಲ್ಲಿ ಪಂಪ್‌ಸೆಟ್ ಇಟ್ಟುಕೊಂಡ ರೈತನಿಗೆ ‘ಟಕ್’ ಎಂಬ ಸದ್ದಿನ ಅರ್ಥ ಯಾರೂ ಹೇಳಿಕೊಡಬೇಕಿಲ್ಲ. ಸ್ಟಾರ್ಟರ್ ಡಬ್ಬಿಯ ಹಸಿರು ಗುಂಡಿ ಒತ್ತಿದಾಗ ಒಳಗಿನ ಕಾಯಿಲ್ ಅಯಸ್ಕಾಂತವಾಗಿ ಕಬ್ಬಿಣದ ತುಂಡನ್ನು ಎಳೆದುಕೊಳ್ಳುವ ಸದ್ದು ಅದು. ಇಂದು ಅದೇ ತಾಲ್ಲೂಕಿನ ಅಸೂಟಿಯಂಥ ಊರಿನ ಎಂಜಿನಿಯರಿಂಗ್ ವಿದ್ಯಾರ್ಥಿಯೊಬ್ಬ ಮನೆಯ ಪಡಸಾಲೆಯ ದೀಪವನ್ನು ಮೊಬೈಲಿನಿಂದ ಹಚ್ಚಲು ಬೆಂಕಿಪೊಟ್ಟಣದಷ್ಟು ಸಣ್ಣ ರಿಲೇ ಹಲಗೆ ಕೂಡಿಸಿದರೆ, ಅಲ್ಲಿಯೂ ಅದೇ ಸದ್ದು ಕೇಳಿಸುತ್ತದೆ, ತುಸು ಮೆಲ್ಲಗೆ ಅಷ್ಟೆ. ಹೊಸದೆಂದು ಕಾಣುವ ಈ ಸಾಧನ ಇಲ್ಲಿಯವರಿಗೆ ಹಳೆಯ ನೆಂಟ. ರಿಲೇ ಈ ಸೀಮೆಯಲ್ಲಿ ಮನೆಗೆ ಬರುವ ಮೊದಲು ಹೊಲಕ್ಕೆ ಬಂದಿತ್ತು.

ಅದಕ್ಕೂ ಹಿಂದೆ, ಮಣ್ಣಿನ ಮಾಳಿಗೆ ಮನೆಗಳಲ್ಲಿ ಬೆಳಕಿನ ಹತೋಟಿ ಬತ್ತಿಯ ಕೈಯಲ್ಲಿತ್ತು. ಗೋಡೆಯ ಮಾಡಿನಲ್ಲಿ ಹಣತೆ, ಅದಕ್ಕೆ ಕುಸುಬಿ ಇಲ್ಲವೆ ಔಡಲದ ಎಣ್ಣೆ. ಹಗಲಿಗೆ ಮಾಳಿಗೆಯ ಬೆಳಕಿಂಡಿ. ಸೀಮೆಎಣ್ಣೆ ಬಂದ ಮೇಲೆ ಚಿಮಣಿ ಬಂತು, ಕಂದೀಲು ಬಂತು. ಕಂದೀಲಿನ ಬದಿಗಿದ್ದ ಸಣ್ಣ ತಿರುಪು ಬತ್ತಿಯನ್ನು ಏರಿಸುತ್ತಿತ್ತು, ಇಳಿಸುತ್ತಿತ್ತು. ಓದುವ ಮಗುವಿಗೆ ಒಂದಿಷ್ಟು ಏರಿಸು, ಮಲಗುವ ಹೊತ್ತಿಗೆ ಇಳಿಸು, ದನ ಕಟ್ಟುವ ದಂದಕ್ಕಿಯಲ್ಲಿ ಎಮ್ಮೆ ಕರು ಹಾಕುವ ರಾತ್ರಿ ಪೂರ್ತಿ ಏರಿಸು. ಎಷ್ಟು ಬೆಳಕು, ಎಷ್ಟು ಹೊತ್ತು ಎಂಬ ಲೆಕ್ಕ ಮನೆಯ ಹೆಣ್ಣುಮಕ್ಕಳಿಗೆ ಕರಗತವಾಗಿತ್ತು. ಎಣ್ಣೆಯ ಉಳಿತಾಯ ಆ ಲೆಕ್ಕದ ಮೇಲೆ ನಿಂತಿತ್ತು.

ವಿದ್ಯುತ್ತು ನಾಡಿನ ದಕ್ಷಿಣದಲ್ಲಿ ಬೇಗ ಬೆಳಗಿತು. 1902ರ ಜೂನ್ 30ರಂದು ಶಿವನಸಮುದ್ರದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ದೂರದ ಕೋಲಾರ ಚಿನ್ನದ ಗಣಿಗಳಿಗೆ ಹರಿಯಿತು. 1905ರ ಆಗಸ್ಟ್ 5ರಂದು ಬೆಂಗಳೂರಿನಲ್ಲಿ, 1908ರಲ್ಲಿ ಮೈಸೂರಿನಲ್ಲಿ ವಿದ್ಯುದ್ದೀಪ ಬಂತು. ಆ ಕಾಲಕ್ಕೆ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿದ್ದ ರೋಣದ ಸುತ್ತಲಿನ ಎರೆಭೂಮಿ ಇನ್ನೂ ಕಂದೀಲಿನ ಬೆಳಕಿನಲ್ಲಿತ್ತು. ಜೋಗದಲ್ಲಿ 1948ರಲ್ಲಿ ಉತ್ಪಾದನೆ ಆರಂಭಿಸಿದ, ಮುಂದೆ 120 ಮೆಗಾವಾಟ್ ಸಾಮರ್ಥ್ಯಕ್ಕೆ ಬೆಳೆದ ಮಹಾತ್ಮ ಗಾಂಧಿ ಜಲವಿದ್ಯುತ್ ಕೇಂದ್ರ, 1965ರಲ್ಲಿ ಉದ್ಘಾಟನೆಗೊಂಡ ಶರಾವತಿ ಯೋಜನೆ, ಏಕೀಕರಣದ ಮರುವರ್ಷ 1957ರಲ್ಲಿ ಹುಟ್ಟಿದ ರಾಜ್ಯ ವಿದ್ಯುಚ್ಛಕ್ತಿ ಮಂಡಳಿ, ಇವು ಮೂರೂ ಸೇರಿದ ಮೇಲೆ ಹಳ್ಳಿಗಳತ್ತ ಕಂಬಗಳು ಹೆಚ್ಚು ಹೆಚ್ಚಾಗಿ ನಡೆದವು.

ಹಳ್ಳಿಗೆ ಕರೆಂಟು ತರುವ ಹೊಣೆಯನ್ನು ಜನರೇ ಹೊತ್ತ ಉದಾಹರಣೆಯೂ ಈ ಭಾಗದಲ್ಲಿದೆ. ಬೆಳಗಾವಿ ಜಿಲ್ಲೆಯ ಹುಕ್ಕೇರಿಯಲ್ಲಿ 1969ರಲ್ಲಿ ಗ್ರಾಮೀಣ ವಿದ್ಯುತ್ ಸಹಕಾರ ಸಂಘ ಸ್ಥಾಪನೆಯಾಯಿತು. ದೇಶದಲ್ಲಿ ಪ್ರಯೋಗಕ್ಕೆಂದು ಆಯ್ದ ಐದು ಸಂಘಗಳಲ್ಲಿ ಅದೂ ಒಂದು. ಮುಂದೆ ‘ಭಾಗ್ಯಜ್ಯೋತಿ’ ಯೋಜನೆ ಬಡವರ ಮನೆಗೆ ಒಂದು ಬಲ್ಬಿನ ಸಂಪರ್ಕ ಕೊಟ್ಟಿತು. ಒಂದೇ ಬಲ್ಬು, ಒಂದೇ ಗುಂಡಿ. ಆ ಗುಂಡಿ ಒತ್ತುವುದಕ್ಕಿಂತ ದೊಡ್ಡ ಪ್ರಶ್ನೆ ಬೇರೆ ಇತ್ತು: ಕರೆಂಟು ಯಾವಾಗ ಬಂದೀತು?

ರಿಲೇ ಹೊಲಕ್ಕೆ ಇಳಿದದ್ದು ಈ ಪ್ರಶ್ನೆಯ ಬೆನ್ನು ಹತ್ತಿಯೇ.

ಆದರೆ ರಿಲೇಯ ತವರು ಟೆಲಿಗ್ರಾಫ್ ತಂತಿ. 1835ರ ಹೊತ್ತಿಗೆ ಅಮೆರಿಕದ ಜೋಸೆಫ್ ಹೆನ್ರಿ, ದೂರದಿಂದ ಬಂದ ದುರ್ಬಲ ಪ್ರವಾಹ ಒಂದು ವಿದ್ಯುದಯಸ್ಕಾಂತವನ್ನು ಎಬ್ಬಿಸಿ, ಆ ಅಯಸ್ಕಾಂತ ಮತ್ತೊಂದು ಬಲವಾದ ಪ್ರವಾಹದ ಬಾಗಿಲು ತೆರೆಯುವಂತೆ ಮಾಡಿ ತೋರಿಸಿದ. ದಣಿದ ಕುದುರೆ ಬಿಟ್ಟು ಹೊಸ ಕುದುರೆ ಏರುವ ಅಂಚೆಯ ಪದ್ಧತಿಗೆ ಇದ್ದ ‘ರಿಲೇ’ ಎಂಬ ಹೆಸರು ಈ ಸಾಧನಕ್ಕೂ ಬಂತು. ತಂತಿಯ ನಂತರ ಟೆಲಿಫೋನ್ ಅದನ್ನು ಲಕ್ಷಗಟ್ಟಲೆ ಬಳಸಿತು. 1948ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಐಟಿಐ ಕಾರ್ಖಾನೆ ತಯಾರಿಸಿದ ಸ್ಟ್ರೋಜರ್ ವಿನಿಮಯ ಕೇಂದ್ರಗಳು ದಿನವಿಡೀ ರಿಲೇಗಳ ಟಕಟಕ ಸದ್ದಿನಲ್ಲೇ ಮಾತು ಜೋಡಿಸುತ್ತಿದ್ದವು.

ಪಂಪ್‌ಸೆಟ್ಟಿನ ಸ್ಟಾರ್ಟರ್ ಅದೇ ತತ್ವದ ದೊಡ್ಡ ರೂಪ. ಮಲಪ್ರಭೆಯ ದಂಡೆಯಲ್ಲಿ, ಬೆಣ್ಣೆಹಳ್ಳದ ಬದಿಯಲ್ಲಿ, ಕೊಳವೆಬಾವಿಯ ಪಕ್ಕದಲ್ಲಿ ತಗಡಿನ ಗೂಡಿನೊಳಗೆ ಅದು ತೂಗಾಡುತ್ತದೆ. ಗುಂಡಿ ಒತ್ತಿದರೆ ಕಾಯಿಲ್ ಮೂರು ಫೇಜುಗಳ ಸಂಪರ್ಕವನ್ನು ಒಟ್ಟಿಗೆ ಮುಚ್ಚುತ್ತದೆ. ಜೊತೆಗಿನ ಒಂದು ಪುಟ್ಟ ಸಂಪರ್ಕ ಕಾಯಿಲ್ಲಿಗೆ ಪ್ರವಾಹ ಉಳಿಸಿ, ಕೈ ತೆಗೆದರೂ ಹಿಡಿತ ಬಿಡದಂತೆ ನೋಡಿಕೊಳ್ಳುತ್ತದೆ. ಕರೆಂಟು ಹೋದರೆ ಅಯಸ್ಕಾಂತ ಸತ್ತು ಸ್ಪ್ರಿಂಗು ಎಲ್ಲವನ್ನೂ ಬಿಡಿಸುತ್ತದೆ. ಮೋಟಾರು ಬಿಸಿಯಾದರೆ ಓವರ್‌ಲೋಡ್ ರಿಲೇ ಅಡ್ಡ ಬರುತ್ತದೆ. ಒಂದು ಫೇಜ್ ಕೈಕೊಟ್ಟರೆ ‘ಪ್ರಿವೆಂಟರ್’ ಮೋಟಾರು ಸುಡದಂತೆ ತಡೆಯುತ್ತದೆ. ಎಂಜಿನಿಯರಿಂಗ್ ಪುಸ್ತಕ ಮುಟ್ಟದ ರೈತನೂ ಈ ಒಂದೊಂದನ್ನೂ ಮೋಟಾರು ಸುಟ್ಟ ನಷ್ಟದಿಂದ ಕಲಿತ.

ಹೋದ ಕರೆಂಟು ಮರಳಿದಾಗ ಸ್ಟಾರ್ಟರ್ ತಾನಾಗಿ ಎದ್ದುಕೊಳ್ಳುವುದಿಲ್ಲ. ಇದು ಸುರಕ್ಷತೆಗಾಗಿಯೇ ಇಟ್ಟ ಗುಣ. ಆದರೆ ತ್ರೀ ಫೇಜ್ ಬರುವುದು ನಡುರಾತ್ರಿಯಾದಾಗ ಅದೇ ಗುಣ ರೈತನನ್ನು ಹೊಲಕ್ಕೆ ಓಡಿಸಿತು. ಬ್ಯಾಟರಿ ಹಿಡಿದು, ಹಾವಿನ ಭಯದಲ್ಲಿ, ಎರೆಮಣ್ಣಿನ ಕೆಸರು ತುಳಿಯುತ್ತ ಹೋಗಿ ಗುಂಡಿ ಒತ್ತಬೇಕಿತ್ತು. ಇದಕ್ಕೆ ಉತ್ತರವಾಗಿ ಬಂದದ್ದು ಆಟೋ ಸ್ಟಾರ್ಟರ್: ಮೂರೂ ಫೇಜ್ ಬಂದಿವೆಯೇ ಎಂದು ನೋಡಿ, ಕೆಲ ಕ್ಷಣ ಕಾದು, ಹಸಿರು ಗುಂಡಿಯ ಕೆಲಸವನ್ನು ತಾನೇ ಮಾಡುವ ಇನ್ನೊಂದು ರಿಲೇ. ಅದರಿಂದ ಬೇರೊಂದು ತೊಡಕು ಹುಟ್ಟಿತು. ಕರೆಂಟು ಬಂದ ಕ್ಷಣವೇ ಒಂದು ಟ್ರಾನ್ಸ್‌ಫಾರ್ಮರಿಗೆ ಸೇರಿದ ಎಲ್ಲ ಮೋಟಾರುಗಳೂ ಒಟ್ಟಿಗೆ ಎದ್ದರೆ ಅದು ತಾಳದು. ಹೀಗಾಗಿ ವಿದ್ಯುತ್ ಇಲಾಖೆಯವರು ಆಟೋ ಸ್ಟಾರ್ಟರ್ ಬೇಡವೆಂದರು, ರೈತರು ಬಿಡಲೊಲ್ಲರು. ಆಮೇಲೆ ಮೊಬೈಲ್ ಬಂತು. ಪುಣೆಯ ಎಂಜಿನಿಯರ್ ಸಂತೋಷ್ ಓಸ್ತ್ವಾಲ್ ರೂಪಿಸಿದ ‘ನ್ಯಾನೋ ಗಣೇಶ್’ ಮತ್ತು ಅದರಂಥ ಸಾಧನಗಳು ಮನೆಯಲ್ಲಿ ಕೂತು ಕರೆ ಮಾಡಿ, ಹೊಲದಲ್ಲಿ ಕರೆಂಟು ಇದೆಯೇ ಎಂದು ತಿಳಿದು, ಮೋಟಾರು ಚಾಲೂ ಮಾಡುವ ದಾರಿ ತೆರೆದವು. ಪೇಟೆಯ ಮನೆಗಳಲ್ಲಿ ಮೊಬೈಲಿನಿಂದ ದೀಪ ಹಚ್ಚುವುದು ರೂಢಿಯಾಗುವ ಮೊದಲೇ ಹೊಲದಲ್ಲಿ ಮೊಬೈಲಿನಿಂದ ನೀರು ಹರಿಯುತ್ತಿತ್ತು.

ರಿಲೇಗೆ ಬುದ್ಧಿ ಹೇಳುವ ಚಿಪ್ಪಿನ ಕಥೆಯಲ್ಲಿಯೂ ಉತ್ತರ ಕರ್ನಾಟಕಕ್ಕೆ ಒಂದು ಗೌರವದ ಪುಟವಿದೆ. 1984ರಲ್ಲಿ ಸ್ಥಾಪನೆಯಾದ ಸಿ–ಡಾಟ್ ಸಂಸ್ಥೆ ಹಳ್ಳಿಗಳಿಗಾಗಿ 128 ಸಂಪರ್ಕಗಳ ಟೆಲಿಫೋನ್ ವಿನಿಮಯ ಕೇಂದ್ರ ರೂಪಿಸಿತು. ಅದರೊಳಗಿನ ಮೈಕ್ರೊಪ್ರೊಸೆಸರ್‌ಗೆ ಹವಾನಿಯಂತ್ರಿತ ಕೋಣೆ ಬೇಕಿರಲಿಲ್ಲ; ನಮ್ಮ ಧೂಳು, ಬಿಸಿಲು ತಾಳಿಕೊಂಡು ದುಡಿಯುತ್ತಿತ್ತು. ಅಂಥ ಮೊದಲ ಕೇಂದ್ರ 1986ರ ಜುಲೈನಲ್ಲಿ ಕೆಲಸ ಶುರು ಮಾಡಿದ್ದು ರಾಣಿ ಚನ್ನಮ್ಮನ ಕಿತ್ತೂರಿನಲ್ಲಿ. ಎಣಿಸುವ, ನೆನಪಿಡುವ, ತೀರ್ಮಾನಿಸುವ ಯಂತ್ರ ಸಣ್ಣ ಊರಿನಲ್ಲಿ ಬಾಳಿಕೆ ಬರುತ್ತದೆ ಎಂಬುದು ಅಲ್ಲಿ ಸಾಬೀತಾಯಿತು.

ಅದಕ್ಕೆ ಆರು ವರ್ಷ ಮೊದಲು, 1980ರಲ್ಲಿ, ಇಂಟೆಲ್ ಕಂಪನಿ 8051 ಎಂಬ ಮೈಕ್ರೊಕಂಟ್ರೋಲರ್ ಚಿಪ್ಪು ಹೊರತಂದಿತ್ತು. ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ 1998ರಲ್ಲಿ ಆರಂಭವಾದ ಮೇಲೆ ಗದಗ, ಹುಬ್ಬಳ್ಳಿ, ಬಾಗಲಕೋಟೆಯ ಕಾಲೇಜುಗಳ ವಿದ್ಯಾರ್ಥಿಗಳು ಪಠ್ಯದಲ್ಲಿ ಕಲಿತದ್ದು ಅದನ್ನೇ. 2005ರಲ್ಲಿ ಇಟಲಿಯ ಇವ್ರೇಯಾದಲ್ಲಿ ಹುಟ್ಟಿದ ಆರ್ಡುಯಿನೊ ಹಲಗೆ ಇಂಥ ಚಿಪ್ಪು ಬಳಸುವ ಕೆಲಸವನ್ನು ಸರಳಗೊಳಿಸಿತು. 2014ರಲ್ಲಿ ಬಂದ ಇಎಸ್‌ಪಿ8266 ಚಿಪ್ಪು ವೈಫೈಯನ್ನೂ ತನ್ನೊಳಗೇ ಹೊತ್ತು ತಂದು, ಕೆಲವೇ ನೂರು ರೂಪಾಯಿಗೆ ಮನೆಯ ದೀಪವನ್ನು ಮೊಬೈಲಿಗೆ ಕಟ್ಟಿತು.

ಕಟ್ಟುವಾಗ ಹೊಲದ ಪಾಠಗಳು ಮತ್ತೆ ಎದುರಾಗುತ್ತವೆ. ಆರ್ಡುಯಿನೊ ಹಲಗೆಯ ಚಿಪ್ಪಿನ ಒಂದು ಕಾಲು ನೆಮ್ಮದಿಯಿಂದ ಕೊಡಬಲ್ಲದ್ದು ಸುಮಾರು 20 ಮಿಲಿಆಂಪಿಯರ್. ಐದು ವೋಲ್ಟಿನ ಸಾಮಾನ್ಯ ರಿಲೇಯ ಕಾಯಿಲ್ ಬೇಡುವುದು 70ರ ಆಸುಪಾಸು. ಅದಕ್ಕೇ ನಡುವೆ ಒಂದು ಟ್ರಾನ್ಸಿಸ್ಟರ್ ಬೇಕು. ಕಾಯಿಲ್ ಆರುವಾಗ ಚಿಮ್ಮುವ ವೋಲ್ಟೇಜನ್ನು ನುಂಗಲು ಡಯೋಡ್ ಬೇಕು. ಸಂಪರ್ಕದ ಕಡೆ ಮೂರು ತಿರುಪು: ನಡುವಿನದು ಕಾಮನ್, ಒಂದು ಬದಿ ಸಾಮಾನ್ಯವಾಗಿ ತೆರೆದದ್ದು, ಇನ್ನೊಂದು ಬದಿ ಸಾಮಾನ್ಯವಾಗಿ ಮುಚ್ಚಿದ್ದು. ರಿಲೇ ಕೂರಬೇಕಾದದ್ದು ಫೇಜ್ ತಂತಿಯಲ್ಲಿ. ನ್ಯೂಟ್ರಲ್‌ನಲ್ಲಿ ಕೂಡಿಸಿದರೆ ದೀಪ ಆರಿದ್ದರೂ ಹೋಲ್ಡರಿನಲ್ಲಿ ಕರೆಂಟು ಉಳಿದು, ಬಲ್ಬು ಬದಲಿಸುವವರ ಜೀವಕ್ಕೆ ಸಂಚಕಾರ. ಈ ಕೆಲಸ ಬಲ್ಲ ವೈರಿಂಗ್‌ನವರಿಂದಲೇ ಮಾಡಿಸಬೇಕು.

ರೋಣದ ಕಡೆಯ ಮನೆಗೆ ಇನ್ನೆರಡು ಮಾತು ಅಷ್ಟೇ ಮುಖ್ಯ. ಕರೆಂಟು ಹೋದಾಗ ಚಿಪ್ಪು ಹೊತ್ತನ್ನು ಮರೆಯುತ್ತದೆ. ಸಂಜೆ ಆರೂವರೆಗೆ ಅಂಗಳದ ದೀಪ ಹತ್ತಬೇಕೆಂದರೆ ಗುಂಡು ಬ್ಯಾಟರಿಯ ಗಡಿಯಾರದ ಚಿಪ್ಪು ಜೊತೆಗಿರಬೇಕು. ಎರಡನೆಯದು, ರಿಲೇಯನ್ನು ಮೆಟ್ಟಿಲಿನ ಟೂ–ವೇ ಸ್ವಿಚ್ಚಿನ ಕ್ರಮದಲ್ಲಿ ಜೋಡಿಸಬೇಕು. ಆಗ ವೈಫೈ ನಿಂತರೂ, ಮೊಬೈಲು ಮಗನೊಂದಿಗೆ ಹುಬ್ಬಳ್ಳಿಗೆ ಹೋದರೂ, ಮನೆಯಲ್ಲಿರುವ ಅಜ್ಜಿ ಗೋಡೆಯ ಗುಂಡಿಯಿಂದಲೇ ದೀಪ ಹಚ್ಚಬಹುದು.

ದೀಪದ ವಿದ್ಯುತ್ ಹೊರೆಯೂ ಇಳಿದಿದೆ. ಐದು ಎಚ್‌ಪಿ ಮೋಟಾರು ಎಳೆಯುವ ಶಕ್ತಿಯಲ್ಲಿ ಒಂಬತ್ತು ವಾಟಿನ ನಾನೂರಕ್ಕೂ ಹೆಚ್ಚು ಎಲ್‌ಇಡಿ ಬಲ್ಬು ಉರಿಯುತ್ತವೆ. 2015ರ ಕೊನೆಯಲ್ಲಿ ಆರಂಭವಾದ ‘ಹೊಸ ಬೆಳಕು’ ಯೋಜನೆ ಇಂಥ ಬಲ್ಬುಗಳನ್ನು ಹಳ್ಳಿಮನೆಗೂ ಮುಟ್ಟಿಸಿತು. ವಿದ್ಯುತ್ತಿನ ಮೂಲವೂ ಹತ್ತಿರ ಬಂದಿದೆ. ಕಪ್ಪತಗುಡ್ಡದ ಮೇಲೆ, ಗಜೇಂದ್ರಗಡದ ಗುಡ್ಡಗಳ ನೆತ್ತಿಯಲ್ಲಿ ಗಾಳಿಯಂತ್ರಗಳು ತಿರುಗುತ್ತಿವೆ. ಗಾಳಿ ದಿಕ್ಕು ಬದಲಿಸಿದಾಗ ಅವುಗಳ ತಲೆಯನ್ನು ಆ ಕಡೆಗೆ ಹೊರಳಿಸುವುದು ಒಳಗೆ ಕೂತ ಕಂಟ್ರೋಲರ್.

ಅಸೂಟಿ, ರೋಣ, ನರಗುಂದದ ಶಾಲಾ ಶಿಕ್ಷಕರಲ್ಲಿ ಒಂದು ಕೋರಿಕೆ. ರಿಲೇ ಕಲಿಸುವ ದಿನ ಪೇಟೆಯಿಂದ ಹಲಗೆ ತರಿಸುವ ಮುನ್ನ ಊರಿನ ಯಾವುದಾದರೂ ಹೊಲದ ಹಳೆಯ ಸ್ಟಾರ್ಟರ್ ಡಬ್ಬಿ ಕೇಳಿ ತನ್ನಿ. ತಂತಿ ಬಿಚ್ಚಿಟ್ಟ ಡಬ್ಬಿಯ ಮುಚ್ಚಳ ತೆಗೆದು ಕಾಯಿಲ್, ಸ್ಪ್ರಿಂಗು, ಸುಟ್ಟು ಕಪ್ಪಾದ ಸಂಪರ್ಕಗಳನ್ನು ಮಕ್ಕಳ ಕೈಗೆ ಕೊಡಿ. ಅದನ್ನು ನಡುರಾತ್ರಿ ಒತ್ತಿದ ಹಿರಿಯರನ್ನೂ ಅಂದು ತರಗತಿಗೆ ಕರೆಯಿರಿ, ಅವರು ಹೇಳಿದ್ದನ್ನು ಮಕ್ಕಳಿಂದ ಬರೆಸಿಡಿ. ಆ ಡಬ್ಬಿಗಳು ಈಗ ಒಂದೊಂದಾಗಿ ಗುಜರಿಗೆ ಹೋಗುತ್ತಿವೆ.